‘ಸಾಕು’ ಎನ್ನುವವರು ಯಾರು?

ರಾಕ್ ಸಂಗೀತದ ಬಗ್ಗೆ ಬರೆಯುವ ಅರ್ಹತೆ ನನಗಿಲ್ಲ ಎಂಬುದನ್ನು ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ನನ್ನ ಕಿವಿ ಪಳಗಿದ್ದು ಚಾಮರಾಜಪೇಟೆಯ ರಾಮನವಮಿ ಕಛೇರಿಗಳಲ್ಲಿ. ವಿದ್ಯಾರ್ಥಿ ದೆಸೆಯಲ್ಲಿ ಹಾಸ್ಟೆಲಿನ ಪಕ್ಕದ ಕೋಣೆಯಿಂದ ಕೇಳಿಬರುತ್ತಿದ್ದ ಗಿಟಾರಿನ ಅಬ್ಬರಕ್ಕೆ ಬಾಗಿಲು ಮುಚ್ಚಿಕೊಂಡು ಓದಿದವನು ನಾನು. ಅಂಥವನು ಈಚೆಗೆ ಅಮೆರಿಕದ ರಾಕ್ ತಂಡವೊಂದರ ಮೂವತ್ತು ವರ್ಷಗಳ ಬದುಕನ್ನು ಕುರಿತ, ಸುಮಾರು ನಾಲ್ಕು ಗಂಟೆಗಳ ಸಾಕ್ಷ್ಯಚಿತ್ರವನ್ನು ಎರಡು ರಾತ್ರಿ ಕುಳಿತು ಪೂರ್ತಿಯಾಗಿ ನೋಡಿದೆ. ನೋಡಿದ ಮೇಲೆ ಅದು ನನ್ನ ನೌಕರಿಯ ದಿನಗಳ ಒಂದು ಕಡತವನ್ನು ಮತ್ತೆ ಬಿಚ್ಚಿಸಿತು. ಈ ಲೇಖನಕ್ಕೆ ಅದೇ ಕಾರಣ.

ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿರುವ ಮಗಳ ಮನೆಯಲ್ಲಿ ಕೆಲವು ವಾರ ಇದ್ದಾಗ ಅಳಿಯ ಆ ಚಿತ್ರವನ್ನು ಹಾಕಿದ. ನಾನು ಹಿಂಜರಿದಾಗ, ‘ಮಾವ, ಇದನ್ನು ಸಂಗೀತದ ಸಿನಿಮಾ ಅಂದುಕೊಳ್ಳಬೇಡಿ, ನಿಮ್ಮ ಅರ್ಥಶಾಸ್ತ್ರದ ಸಿನಿಮಾ ಅಂತಲೇ ನೋಡಿ’ ಎಂದ. ಅವನ ಮಾತು ನಿಜವಾಗಿತ್ತು. ಚಿತ್ರದ ಹೆಸರು ‘ಲಾಂಗ್ ಸ್ಟ್ರೇಂಜ್ ಟ್ರಿಪ್’, 2017ರಲ್ಲಿ ಬಿಡುಗಡೆಯಾದದ್ದು. ನಿರ್ದೇಶಕ ಅಮೀರ್ ಬಾರ್-ಲೆವ್. ತಂಡದ ಹೆಸರು ಗ್ರೇಟ್‌ಫುಲ್ ಡೆಡ್.

ಈ ತಂಡ ಹುಟ್ಟಿದ್ದು 1965ರಲ್ಲಿ, ಮಗಳ ಮನೆಯಿಂದ ಅರ್ಧ ಗಂಟೆಯ ಹಾದಿಯೂ ಇಲ್ಲದ ಪಾಲೊ ಆಲ್ಟೊ, ಮೆನ್ಲೊ ಪಾರ್ಕ್ ಊರುಗಳಲ್ಲಿ. ಇಂದು ನಮ್ಮ ಕನ್ನಡದ ಹುಡುಗರು ಸಾಫ್ಟ್‌ವೇರ್ ಬರೆಯುತ್ತಿರುವ ಪ್ರದೇಶ ಅದು. ಅಂದು ಅಲ್ಲಿನ ಒಂದು ಪಿಜ್ಜಾ ಅಂಗಡಿಯಲ್ಲಿ ಐವರು ತರುಣರು ‘ವಾರ್ಲಾಕ್ಸ್’ ಎಂಬ ಹೆಸರಿನಲ್ಲಿ ನುಡಿಸಲು ಆರಂಭಿಸಿದರು. ಅದೇ ವರ್ಷದ ಕೊನೆಗೆ ಹೆಸರು ಬದಲಾಯಿಸಿಕೊಂಡರು. ಬಾಂಜೊ ವಾದ್ಯದಲ್ಲಿ ಪಳಗಿದ್ದ ಜೆರ್ರಿ ಗಾರ್ಸಿಯಾ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ ರಚನೆಯನ್ನು ಓದಿದ್ದ ಫಿಲ್ ಲೆಶ್, ಇನ್ನೂ ಹದಿಹರೆಯ ದಾಟದ ಬಾಬ್ ವಿಯರ್, ಕರಿಯರ ಬ್ಲೂಸ್ ಹಾಡುಗಳನ್ನು ಹಚ್ಚಿಕೊಂಡಿದ್ದ ರಾನ್ ಮೆಕರ್ನನ್, ಡ್ರಮ್ಸ್ ನುಡಿಸುವ ಬಿಲ್ ಕ್ರೂಟ್ಸ್‌ಮನ್ - ಹೀಗೆ ಒಬ್ಬರಿಗೊಬ್ಬರು ಹೊಂದದ ಐವರು. ಎರಡು ವರ್ಷಗಳ ನಂತರ ಮಿಕಿ ಹಾರ್ಟ್ ಎಂಬ ಇನ್ನೊಬ್ಬ ಡ್ರಮ್ಸ್ ವಾದಕ ಸೇರಿದರು. ಮುಂದಿನ ಮೂವತ್ತು ವರ್ಷಗಳಲ್ಲಿ ತಂಡ ಕೊಟ್ಟದ್ದು ಸುಮಾರು 2,300 ಕಾರ್ಯಕ್ರಮಗಳು.

ಈ ತಂಡದ ವಿಶೇಷವೇನೆಂದರೆ ಯಾವ ಎರಡು ಕಾರ್ಯಕ್ರಮಗಳೂ ಒಂದೇ ರೀತಿ ಇರುತ್ತಿರಲಿಲ್ಲ. ಇಂದು ಯಾವ ಹಾಡು, ಎಷ್ಟು ಹೊತ್ತು, ಒಂದರಿಂದ ಇನ್ನೊಂದಕ್ಕೆ ಹೇಗೆ ದಾಟುವುದು ಎಂಬುದು ವೇದಿಕೆಯ ಮೇಲೆಯೇ ತೀರ್ಮಾನವಾಗುತ್ತಿತ್ತು. ತಾಳಮದ್ದಲೆಯನ್ನು ಬಲ್ಲ ಕನ್ನಡಿಗರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಪ್ರಸಂಗ ಅದೇ ಇರಬಹುದು, ಅರ್ಥಧಾರಿಗಳೂ ಅವರೇ ಇರಬಹುದು. ಆದರೂ ನಿನ್ನೆಯ ಮಾತು ಇಂದು ಇರುವುದಿಲ್ಲ. ಅದಕ್ಕಾಗಿಯೇ ರಸಿಕ ಮತ್ತೆ ಮತ್ತೆ ಹೋಗುತ್ತಾನೆ. ಇಂಥ ಸಂಗೀತ ಸ್ಟುಡಿಯೊದ ಗೋಡೆಗಳ ನಡುವೆ ಒಗ್ಗುವುದು ಕಷ್ಟ. 1968ರ ಧ್ವನಿಮುದ್ರಿಕೆಯೊಂದರ ತಯಾರಿಯಲ್ಲಿ ಬಾಬ್ ವಿಯರ್ ‘ದಟ್ಟ ಗಾಳಿ’ಯ ಸದ್ದು ಬೇಕೆಂದು ಕೇಳಿದಾಗ ಕಂಪನಿಯ ನಿರ್ಮಾಪಕ ಬೇಸತ್ತು ಕೆಲಸವನ್ನೇ ಬಿಟ್ಟು ಹೋದನಂತೆ.

ಅರ್ಥಶಾಸ್ತ್ರದ ವಿದ್ಯಾರ್ಥಿಯ ಗಮನ ಸೆಳೆಯುವ ಸಂಗತಿ ಮುಂದಿನದು. ಈ ತಂಡದ ಅಭಿಮಾನಿಗಳು ಟೇಪ್ ರೆಕಾರ್ಡರ್ ಹೊತ್ತು ತಂದು ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳತೊಡಗಿದರು. ಸಾಮಾನ್ಯವಾಗಿ ಇದು ಕಳ್ಳತನ. ನಮ್ಮಲ್ಲಿಯೂ ಸಭೆಗಳ ಮುಂದಿನ ಸಾಲಿನಲ್ಲಿ ಚೀಲದೊಳಗೆ ಟೇಪ್ ರೆಕಾರ್ಡರ್ ಅಡಗಿಸಿಕೊಂಡು ಕೂರುತ್ತಿದ್ದ ರಸಿಕರನ್ನು ಕಂಡಿದ್ದೇನೆ. ಅದನ್ನು ಕಂಡು ಮುಖ ಗಂಟಿಕ್ಕುತ್ತಿದ್ದ ವಿದ್ವಾಂಸರನ್ನೂ ಕಂಡಿದ್ದೇನೆ. ಗ್ರೇಟ್‌ಫುಲ್ ಡೆಡ್ ತಂಡ ಅವರನ್ನು ಹೊರಗೆ ಹಾಕಲಿಲ್ಲ. 1984ರಲ್ಲಿ ಅವರಿಗಾಗಿ ಸಭಾಂಗಣದಲ್ಲಿ ಪ್ರತ್ಯೇಕ ಜಾಗವನ್ನೇ ಗೊತ್ತುಮಾಡಿ, ಅದಕ್ಕೆ ಬೇರೆ ಟಿಕೆಟ್ ಮುದ್ರಿಸಿತು. ನಿಯಮ ಒಂದೇ: ಮಾರುವಂತಿಲ್ಲ. ಧ್ವನಿಸುರುಳಿಗೆ ಬದಲಾಗಿ ಧ್ವನಿಸುರುಳಿ ಕೊಡಬಹುದು. ಕೊಡಲು ಏನೂ ಇಲ್ಲದ ಹೊಸಬ ಖಾಲಿ ಕ್ಯಾಸೆಟ್ಟನ್ನೂ ಅಂಚೆಯ ಖರ್ಚನ್ನೂ ಕಳಿಸಿದರೆ ಹಳಬನು ಮುದ್ರಿಸಿ ಹಿಂದಿರುಗಿಸುತ್ತಿದ್ದ. ಹಣ ಕೇಳಿದವನನ್ನು ಅಭಿಮಾನಿಗಳೇ ದೂರವಿಡುತ್ತಿದ್ದರು.

ಇದರ ಫಲವೇನು? ತಂಡ ದಿವಾಳಿಯಾಗಬೇಕಿತ್ತು, ಆದದ್ದು ತಿರುವುಮುರುವು. ಮನೆಯಲ್ಲಿ ಸುರುಳಿ ಕೇಳಿದವನು ಮುಂದಿನ ಕಾರ್ಯಕ್ರಮಕ್ಕೆ ಟಿಕೆಟ್ ಕೊಂಡ, ಗೆಳೆಯನನ್ನೂ ಕರೆತಂದ. ಪ್ರತಿಯೊಂದು ಉಚಿತ ಸುರುಳಿಯೂ ಟಿಕೆಟ್ಟಿಗೆ ಪೂರಕ ಸರಕಾಯಿತು. ತಂಡಕ್ಕೆ ಹಾಡು ಬರೆದುಕೊಡುತ್ತಿದ್ದ ಜಾನ್ ಪೆರ್ರಿ ಬಾರ್ಲೋ, ಅಂತರ್ಜಾಲ ಇನ್ನೂ ಮನೆಮನೆಗೆ ಬಾರದಿದ್ದ 1994ರಲ್ಲೇ ಒಂದು ಪ್ರಬಂಧ ಬರೆದು, ಭೌತಿಕ ಸರಕಿಗೆ ಕೊರತೆಯಿಂದ ಬೆಲೆ ಬಂದರೆ ಮಾಹಿತಿಗೆ ಹೆಚ್ಚು ಜನ ಬಲ್ಲರೆಂಬುದರಿಂದಲೇ ಬೆಲೆ ಬರುತ್ತದೆ ಎಂದು ವಾದಿಸಿದರು. ವಿದ್ಯೆ ಹಂಚಿದಷ್ಟೂ ಹೆಚ್ಚುತ್ತದೆ ಎಂಬ ನಮ್ಮ ಹಿರಿಯರ ಮಾತು ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕಪತ್ರದ ರೂಪದಲ್ಲಿ ಸಾಬೀತಾಯಿತು ಎನ್ನಬಹುದು.

ನಾನು ಎಂ.ಎ. ಓದುವಾಗ ನಮಗೆ ಗ್ಯಾರೆಟ್ ಹಾರ್ಡಿನ್ ಅವರ 1968ರ ಪ್ರಬಂಧವನ್ನು ವೇದವಾಕ್ಯದಂತೆ ಕಲಿಸಿದರು. ಎಲ್ಲರಿಗೂ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ಇನ್ನೊಂದು ಹಸು ಬಿಡುತ್ತಾನೆ, ಕೊನೆಗೆ ಹುಲ್ಲೇ ಉಳಿಯುವುದಿಲ್ಲ ಎಂಬುದು ಅದರ ಸಾರ. ಆಮೇಲೆ ಎಲಿನರ್ ಆಸ್ಟ್ರಮ್ ಅವರ 1990ರ ಪುಸ್ತಕ ಬಂತು. 2009ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿಯೂ ಬಂತು. ಗೋಮಾಳ ಹಾಳಾಗಲೇಬೇಕೆಂದಿಲ್ಲ, ಎಲ್ಲೆ ಸ್ಪಷ್ಟವಿದ್ದು, ನಿಯಮವನ್ನು ಬಳಸುವವರೇ ಮಾಡಿ, ಮುರಿದವನನ್ನು ಅವರೇ ತಡೆಯುವಂತಿದ್ದರೆ ಅದು ಶತಮಾನಗಳವರೆಗೆ ಉಳಿಯುತ್ತದೆ ಎಂದು ಅವರು ಊರೂರಿನ ಉದಾಹರಣೆಗಳಿಂದ ತೋರಿಸಿದರು. ಕೆರೆಯ ತೂಬಿನ ಬಳಿ ನೀರುಗಂಟಿ ನಿಂತಿದ್ದ ಹಳ್ಳಿಗಳನ್ನೂ, ನೀರುಗಂಟಿ ಇಲ್ಲವಾದ ಮೇಲೆ ಹೂಳು ತುಂಬಿದ ಕೆರೆಗಳನ್ನೂ ಸೇವೆಯ ಮೊದಲ ವರ್ಷಗಳಲ್ಲಿ ಕಂಡಿದ್ದ ನನಗೆ ಆ ಪುಸ್ತಕ ಹೊಸದೆನಿಸಲಿಲ್ಲ.

ಈ ತಂಡದ ಕತೆಯಲ್ಲಿ ಅಂಥ ಎರಡು ಗೋಮಾಳಗಳಿವೆ. ಒಂದು ಧ್ವನಿಸುರುಳಿಗಳದ್ದು. ಅದಕ್ಕೆ ಎಲ್ಲೆ ಇತ್ತು, ನಿಯಮವಿತ್ತು, ಕಾವಲಿತ್ತು. ಅದು ಇಂದಿಗೂ ಉಳಿದಿದೆ. ಇನ್ನೊಂದು ಕಾರ್ಯಕ್ರಮಗಳ ಹೊರಗಿನ ವಾಹನ ನಿಲ್ದಾಣದ್ದು. ಊರಿಂದೂರಿಗೆ ತಂಡದ ಹಿಂದೆಯೇ ಅಲೆಯುತ್ತಿದ್ದ ಅಭಿಮಾನಿಗಳು ಅಲ್ಲಿ ಅಡುಗೆ ಮಾಡಿಕೊಂಡು, ಬಣ್ಣದ ಅಂಗಿ ಮಾರಿಕೊಂಡು ಒಂದು ಚಲಿಸುವ ಜಾತ್ರೆಯನ್ನೇ ಕಟ್ಟಿದ್ದರು. ಜನ ಮಿತವಾಗಿದ್ದಾಗ ಅದು ಚೆನ್ನಾಗಿಯೇ ನಡೆಯಿತು. 1987ರಲ್ಲಿ ತಂಡದ ‘ಟಚ್ ಆಫ್ ಗ್ರೇ’ ಎಂಬ ಹಾಡು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 9ನೆಯ ಸ್ಥಾನಕ್ಕೆ ಏರಿತು. ಇಪ್ಪತ್ತೆರಡು ವರ್ಷ ನುಡಿಸಿದ ಮೇಲೆ ಬಂದ ಇಂಥ ಮೊದಲ ಹಾಗೂ ಕೊನೆಯ ಯಶಸ್ಸು ಅದು. ಜಾತ್ರೆಗೆ ಜನಸಾಗರ ಹರಿದುಬಂತು. ಸಂಗೀತ ಕೇಳಲು ಬಂದವರಿಗಿಂತ ಹೊರಗಿನ ಗದ್ದಲಕ್ಕೆ, ಮಾದಕ ವಸ್ತುಗಳಿಗೆ ಬಂದವರು ಕಣ್ಣಿಗೆ ಬೀಳತೊಡಗಿದರು. ಆ ಜಾಗಕ್ಕೆ ಎಲ್ಲೆಯೂ ಇರಲಿಲ್ಲ, ನೀರುಗಂಟಿಯೂ ಇರಲಿಲ್ಲ. 1995ರ ಜುಲೈ 2ರಂದು ಇಂಡಿಯಾನಾ ರಾಜ್ಯದ ಡಿಯರ್ ಕ್ರೀಕ್‌ನಲ್ಲಿ ಟಿಕೆಟ್ ಇಲ್ಲದ ಸಾವಿರಾರು ಮಂದಿ ಬೇಲಿ ಮುರಿದು ಒಳನುಗ್ಗಿದರು. ಮರುದಿನದ ಕಾರ್ಯಕ್ರಮ ರದ್ದಾಯಿತು. ಟಿಕೆಟ್ ಇಲ್ಲದವರು ದಯವಿಟ್ಟು ಬರಬೇಡಿ ಎಂದು ತಂಡದ ಸದಸ್ಯರು ಅಭಿಮಾನಿಗಳಿಗೆ ಬಹಿರಂಗ ಪತ್ರ ಬರೆಯಬೇಕಾಯಿತು.

ಒಂದೇ ತಂಡ, ಅವರೇ ಅಭಿಮಾನಿಗಳು, ಅದೇ ಉದಾರ ಮನಸ್ಸು. ಒಂದು ಗೋಮಾಳ ಉಳಿದು ಇನ್ನೊಂದು ಏಕೆ ಹಾಳಾಯಿತು? ಸುರುಳಿಗಳ ವಿಷಯದಲ್ಲಿ ‘ಇಷ್ಟು ಸಾಕು, ಇದರಾಚೆ ಕೂಡದು’ ಎಂದು ಹೇಳುವವರು ಮೊದಲಿನಿಂದಲೂ ಇದ್ದರು. ಜಾತ್ರೆಯ ವಿಷಯದಲ್ಲಿ ಆ ಮಾತು ಬಂದದ್ದು ಕಾಲ ಮೀರಿದ ಮೇಲೆ. ಇದಕ್ಕೆ ಕಾರಣ ಗಾರ್ಸಿಯಾ ಅವರ ಸ್ವಭಾವದಲ್ಲೇ ಇತ್ತೆಂದು ಸಾಕ್ಷ್ಯಚಿತ್ರ ಸೂಚಿಸುತ್ತದೆ. ಎಲ್ಲರೂ ಅವರನ್ನು ನಾಯಕನೆಂದರು. ಅವರು ಮಾತ್ರ ಆ ಪದವಿಯನ್ನು ಕೊನೆಯವರೆಗೂ ಒಪ್ಪಲಿಲ್ಲ. ಯಾರಿಗೂ ಅಪ್ಪಣೆ ಕೊಡಬಾರದು ಎಂಬುದು ಅವರ ತತ್ತ್ವ. ಇದಕ್ಕೆ ಬೆಲೆ ತೆತ್ತದ್ದು ಅದೇ ಮೊದಲಲ್ಲ. 1970ರ ಹೊತ್ತಿಗೆ ವ್ಯವಸ್ಥಾಪಕನಾಗಿದ್ದ ಮಿಕಿ ಹಾರ್ಟ್ ಅವರ ತಂದೆಯೇ ತಂಡದ ಒಂದೂವರೆ ಲಕ್ಷ ಡಾಲರಿನಷ್ಟು ಹಣ ಲಪಟಾಯಿಸಿ ಪರಾರಿಯಾದ. ಆಮೇಲೆ ಶಿಕ್ಷೆಗೂ ಗುರಿಯಾದ. ಲೆಕ್ಕ ತಪಾಸಣೆಯನ್ನು ಅವಿಶ್ವಾಸವೆಂದು ಭಾವಿಸುವ ಎಲ್ಲ ಸಂಸ್ಥೆಗಳಲ್ಲೂ ಆಗುವುದೇ ಅಲ್ಲೂ ಆಯಿತು.

ಇಲ್ಲಿಯವರೆಗೆ ಇದು ಪಾಠದ ಕೊಠಡಿಯ ವಿಷಯ. ನನ್ನನ್ನು ನಿಜವಾಗಿ ಕಾಡಿದ್ದು ಮುಂದಿನ ಭಾಗ.

ಧ್ವನಿಮುದ್ರಣವನ್ನು ಉಚಿತವಾಗಿ ಹಂಚುವ ಸಂಸ್ಥೆಯ ಆದಾಯ ಬಹುಪಾಲು ಬರುವುದು ವೇದಿಕೆಯಿಂದ. ವಿಲಿಯಂ ಬೋಮೊಲ್ ಮತ್ತು ವಿಲಿಯಂ ಬೋವೆನ್ ಎಂಬ ಅರ್ಥಶಾಸ್ತ್ರಜ್ಞರು 1966ರಲ್ಲೇ ತೋರಿಸಿಕೊಟ್ಟಂತೆ ವೇದಿಕೆಯ ಕಲೆಯಲ್ಲಿ ಉತ್ಪಾದಕತೆ ಏರುವುದಿಲ್ಲ. ನಾಲ್ವರು ನುಡಿಸಬೇಕಾದ ರಚನೆಗೆ ಇನ್ನೂರು ವರ್ಷಗಳ ಹಿಂದೆಯೂ ನಾಲ್ವರು ಬೇಕಿತ್ತು, ಇಂದೂ ಬೇಕು. ಖರ್ಚು ಮಾತ್ರ ಏರುತ್ತಲೇ ಹೋಗುತ್ತದೆ. ಗ್ರೇಟ್‌ಫುಲ್ ಡೆಡ್ ತಂಡವೋ ತನ್ನ ಕೆಲಸಗಾರರಿಗೆ ಒಳ್ಳೆಯ ಸಂಬಳ ಕೊಡುತ್ತಿತ್ತು. ಅವರನ್ನು ಕುಟುಂಬದವರೆಂದೇ ಕಾಣುತ್ತಿತ್ತು. ಆ ಎಲ್ಲ ಮನೆಗಳ ಒಲೆ ಉರಿಯಬೇಕಾದರೆ ತಂಡ ಊರೂರು ತಿರುಗಲೇಬೇಕು. ತಂಡ ತಿರುಗಬೇಕಾದರೆ ಗಾರ್ಸಿಯಾ ವೇದಿಕೆಯ ಮೇಲೆ ನಿಲ್ಲಲೇಬೇಕು. ಹಂಚಿ ತಿನ್ನುವ ಈ ಸುಂದರ ವ್ಯವಸ್ಥೆಯ ಇಡೀ ಭಾರ ಒಬ್ಬ ರೋಗಿಷ್ಠ ಮನುಷ್ಯನ ದೇಹದ ಮೇಲೆ ನಿಂತಿತ್ತು. ಸಕ್ಕರೆ ಕಾಯಿಲೆ, ಹೆರಾಯಿನ್ ಚಟ, ಬಿಡುವಿಲ್ಲದ ಧೂಮಪಾನ. 1986ರಲ್ಲಿ ಅವರು ಕೆಲವು ದಿನ ಪ್ರಜ್ಞೆ ತಪ್ಪಿ ಸಾವಿನ ಬಾಗಿಲಿಗೆ ಹೋಗಿ ಬಂದಿದ್ದರು. ಮತ್ತೆ ಗಿಟಾರ್ ಹಿಡಿಯುವುದನ್ನೇ ಹೊಸದಾಗಿ ಅಭ್ಯಾಸ ಮಾಡಬೇಕಾಯಿತು. ಆ ವರ್ಷದ ಕೊನೆಗೆ ಮತ್ತೆ ವೇದಿಕೆಯ ಮೇಲಿದ್ದರು.

1995ರ ಜುಲೈ 9ರಂದು ಶಿಕಾಗೊ ನಗರದ ಸೋಲ್ಜರ್ ಫೀಲ್ಡ್ ಕ್ರೀಡಾಂಗಣದಲ್ಲಿ ತಂಡ ಕೊನೆಯ ಬಾರಿ ನುಡಿಸಿತು. ಸರಿಯಾಗಿ ಒಂದು ತಿಂಗಳಿಗೆ, ಆಗಸ್ಟ್ 9ರಂದು, ವ್ಯಸನಮುಕ್ತಿ ಕೇಂದ್ರವೊಂದರಲ್ಲಿ ಗಾರ್ಸಿಯಾ ಹೃದಯಾಘಾತದಿಂದ ತೀರಿಕೊಂಡರು. ಐವತ್ತಮೂರು ತುಂಬಿ ಎಂಟು ದಿನವಾಗಿತ್ತು.

ಇದಕ್ಕೆಲ್ಲ ಸಂಬಳದ ಪಟ್ಟಿಯೇ ಕಾರಣವೆಂದರೆ ತಪ್ಪಾದೀತು. ಚಟವನ್ನು ಯಾರೂ ಅವರ ಮೇಲೆ ಹೇರಿರಲಿಲ್ಲ. ತಂಡಕ್ಕೆ ಬಿಡುವಿದ್ದಾಗಲೂ ಅವರು ತಮ್ಮದೇ ಇನ್ನೊಂದು ಸಣ್ಣ ತಂಡ ಕಟ್ಟಿಕೊಂಡು ನುಡಿಸುತ್ತಿದ್ದರು. ನುಡಿಸದೆ ಇರಲಾರದ ಮನುಷ್ಯ ಅವರು. ಆದರೆ ತಾನಾಗಿ ನಿಲ್ಲಲಾರದವನನ್ನು ನಿಲ್ಲಿಸುವ ಹೊಣೆ ಸುತ್ತಲಿನವರದ್ದಲ್ಲವೇ? ಅವನು ನಿಂತರೆ ತಮ್ಮ ಬದುಕೂ ನಿಲ್ಲುತ್ತದೆ ಎಂಬ ಸ್ಥಿತಿಯಲ್ಲಿ ಆ ಹೊಣೆಯನ್ನು ಯಾರು ಹೊರುತ್ತಾರೆ?

ಈ ಪ್ರಶ್ನೆ ನನಗೆ ಸುಮ್ಮನೆ ಹೊಳೆದದ್ದಲ್ಲ. ಇಪ್ಪತ್ತು ವರ್ಷಗಳಿಗೂ ಹಿಂದೆ ನಾನು ಮುಖ್ಯಸ್ಥನಾಗಿದ್ದ ಕಚೇರಿಯಲ್ಲಿ ಒಬ್ಬ ಅಧೀಕ್ಷಕರಿದ್ದರು. ಯಾವ ಕಡತ ಎಲ್ಲಿದೆ, ಯಾವ ನ್ಯಾಯಾಲಯದಲ್ಲಿ ಯಾವ ದಿನ ಯಾವ ಪ್ರಕರಣ ಬರುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಅವರಿಲ್ಲದೆ ಕಚೇರಿ ನಡೆಯುವುದಿಲ್ಲ ಎಂದು ನಾವೆಲ್ಲ ಹೊಗಳುತ್ತಿದ್ದೆವು. ಆ ಹೊಗಳಿಕೆ ಅವರ ಕಾಲಿಗೆ ಹಾಕಿದ ಸರಪಳಿಯೂ ಆಗಿತ್ತೆಂದು ಅಂದು ನನಗೆ ತಿಳಿಯಲಿಲ್ಲ. ಎರಡು ಸಲ ಅವರು ಒಂದು ತಿಂಗಳ ರಜೆ ಕೇಳಿ ಅರ್ಜಿ ಕೊಟ್ಟರು. ಎರಡು ಸಲವೂ ನಾನು ‘ಸದ್ಯಕ್ಕೆ ಸಾಧ್ಯವಿಲ್ಲ, ಅಧಿವೇಶನ ಮುಗಿದ ನಂತರ ಪರಿಶೀಲಿಸಬಹುದು’ ಎಂದು ಹಸಿರು ಶಾಯಿಯಲ್ಲಿ ಬರೆದೆ. ಅವರು ಬೇಸರಿಸಿಕೊಳ್ಳಲಿಲ್ಲ, ‘ಆಗಲಿ ಸಾರ್’ ಎಂದು ಕಡತ ಎತ್ತಿಕೊಂಡು ಹೋದರು. ಅಧಿವೇಶನ ಮುಗಿಯುವ ಮುನ್ನವೇ ಒಂದು ಸಂಜೆ ಮೇಜಿನ ಮುಂದೆಯೇ ಕುಸಿದರು. ಆಸ್ಪತ್ರೆಯಿಂದ ಹಿಂದಿರುಗಲಿಲ್ಲ. ಮರುವಾರ ಬೇರೊಬ್ಬರು ಆ ಕುರ್ಚಿಗೆ ಬಂದರು. ಸ್ವಲ್ಪ ದಿನ ತಡಬಡಾಯಿಸಿದರೂ ಕಚೇರಿ ನಡೆಯಿತು. ಅವರಿಲ್ಲದೆ ನಡೆಯುವುದಿಲ್ಲ ಎಂಬ ಮಾತು ಸುಳ್ಳಾಗಿತ್ತು. ಆ ಸುಳ್ಳಿನ ಆಧಾರದ ಮೇಲೆ ನಾನು ಎರಡು ಅರ್ಜಿಗಳನ್ನು ತಿರಸ್ಕರಿಸಿದ್ದೆ. ರಜೆ ಕೊಟ್ಟಿದ್ದರೆ ಅವರು ಉಳಿಯುತ್ತಿದ್ದರೇ ಎಂಬುದನ್ನು ಯಾರೂ ಹೇಳಲಾರರು. ಕೊಡಲಿಲ್ಲ ಎಂಬುದು ಮಾತ್ರ ನಿಜ.

ನಿಂತರೆ ಎಲ್ಲ ಮುಗಿದುಹೋಗುತ್ತದೆ ಎಂಬ ಭಯ ಎಷ್ಟು ಪೊಳ್ಳು ಎಂಬುದಕ್ಕೆ ಈ ತಂಡದ ಚರಿತ್ರೆಯಲ್ಲೇ ಪುರಾವೆಯಿದೆ. 1974ರಲ್ಲಿ ಅವರು ‘ವಾಲ್ ಆಫ್ ಸೌಂಡ್’ ಎಂಬ ಧ್ವನಿವರ್ಧಕಗಳ ಬೃಹತ್ ಗೋಡೆಯನ್ನು ಕಟ್ಟಿಕೊಂಡು ತಿರುಗುತ್ತಿದ್ದರು. ಸುಮಾರು 600 ಸ್ಪೀಕರುಗಳು, 75 ಟನ್ ತೂಕ. ಸಾಗಿಸಲು ಲಾರಿಗಳು, ನಿಲ್ಲಿಸಲು ಆಳುಗಳ ಪಡೆ. ನಾದ ಅದ್ಭುತವಾಗಿತ್ತು, ಖರ್ಚು ಅದನ್ನೂ ಮೀರಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ಅವರು ಧೈರ್ಯ ಮಾಡಿ ಪ್ರವಾಸವನ್ನೇ ನಿಲ್ಲಿಸಿದರು. ಮುಂದಿನ ಇಪ್ಪತ್ತು ತಿಂಗಳಲ್ಲಿ ನುಡಿಸಿದ್ದು ಬೆರಳೆಣಿಕೆಯ ಕಾರ್ಯಕ್ರಮಗಳು ಮಾತ್ರ. ಆಕಾಶ ಕಳಚಿ ಬೀಳಲಿಲ್ಲ.

ಆ ಬಿಡುವಿನಲ್ಲಿ ಏನಾಯಿತೆಂಬುದು ನಮಗೂ ಆಸಕ್ತಿಯ ವಿಷಯ. ಉಸ್ತಾದ್ ಅಲ್ಲಾ ರಖಾ ಅವರಿಂದ ಪ್ರಭಾವಿತರಾಗಿದ್ದ ಮಿಕಿ ಹಾರ್ಟ್, ಅವರ ಮಗ ಜಾಕಿರ್ ಹುಸೇನ್ ಅವರೊಡನೆ ಸೇರಿ ‘ದಿಗಾ’ ಎಂಬ ತಾಳವಾದ್ಯಗಳ ಧ್ವನಿಮುದ್ರಿಕೆಯನ್ನು 1976ರಲ್ಲಿ ಹೊರತಂದರು. ಅದರಲ್ಲಿನ ಒಂದು ರಚನೆಯೇ ಬೆಳೆದು ತಂಡದ ‘ಫೈರ್ ಆನ್ ದ ಮೌಂಟನ್’ ಎಂಬ ಹಾಡಾಯಿತು. 1977ರ ಮೇ 8ರಂದು ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್‌ನಲ್ಲಿ ತಂಡ ಅದನ್ನು ನುಡಿಸಿತು. ತಂಡದ ಧ್ವನಿ ತಂತ್ರಜ್ಞೆ ಬೆಟ್ಟಿ ಕ್ಯಾಂಟರ್-ಜಾಕ್ಸನ್ ಮುದ್ರಿಸಿದ ಆ ರಾತ್ರಿಯ ಸುರುಳಿ ಕೈಯಿಂದ ಕೈಗೆ ದಾಟಿ, ಮೂವತ್ತು ವರ್ಷಗಳ ಎಲ್ಲ ಕಾರ್ಯಕ್ರಮಗಳ ಪೈಕಿ ಅಭಿಮಾನಿಗಳು ಅತ್ಯಂತ ಹೆಚ್ಚು ಮೆಚ್ಚಿದ ಮುದ್ರಣಗಳಲ್ಲಿ ಒಂದಾಯಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ತನ್ನ 2011ರ ರಾಷ್ಟ್ರೀಯ ಧ್ವನಿಮುದ್ರಣ ಪಟ್ಟಿಗೆ ಸೇರಿಸಿತು. ಅಂಗಡಿಯಲ್ಲಿ ಮಾರಾಟಕ್ಕೆ ಅದು ಬಂದದ್ದು 2017ರಲ್ಲಿ. ನಲವತ್ತು ವರ್ಷ ಯಾರೂ ಮಾರದ ಸಂಗೀತವೊಂದು, ಬರೀ ಹಂಚಿಕೆಯಿಂದಲೇ, ಒಂದು ದೇಶದ ಆಸ್ತಿಯಾಯಿತು. ಆ ಕಾರ್ಯಕ್ರಮಕ್ಕೂ ಸುಮಾರು ಎರಡೂವರೆ ವರ್ಷ ಹಿಂದೆ ತಂಡ ‘ಸಾಕು’ ಎಂದು ನಿಂತಿರದಿದ್ದರೆ ಆ ರಾತ್ರಿ ಬರುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ಹಾಗಾದರೆ 1974ರಲ್ಲಿ ಸಾಧ್ಯವಾದದ್ದು 1994ರಲ್ಲಿ ಏಕೆ ಸಾಧ್ಯವಾಗಲಿಲ್ಲ? ಮೊದಲ ಸಲ ಭಾರವಾಗಿದ್ದುದು ಸ್ಪೀಕರುಗಳು. ಅವನ್ನು ಬಿಚ್ಚಿ ಮಾರಬಹುದಿತ್ತು. ಎರಡನೆಯ ಸಲ ಭಾರವಾಗಿದ್ದುದು ಯಶಸ್ಸು, ನಂಬಿಕೊಂಡ ಸಂಸಾರಗಳು, ಕಾಯುತ್ತಿದ್ದ ಲಕ್ಷಾಂತರ ಜನ. ಅವನ್ನು ಬಿಚ್ಚುವ ಬಗೆ ಯಾರಿಗೂ ತಿಳಿದಿರಲಿಲ್ಲ.

ನಮ್ಮ ಸುತ್ತ ನೋಡಿದರೆ ಇಂಥ ಸಂಸ್ಥೆಗಳು ಬೇಕಾದಷ್ಟಿವೆ. ಒಬ್ಬ ಕಾರ್ಯದರ್ಶಿಯ ಹೆಗಲ ಮೇಲೆ ನಲವತ್ತು ವರ್ಷದಿಂದ ನಡೆದಿರುವ ಸಂಗೀತ ಸಭೆ, ಒಬ್ಬ ಮೇಷ್ಟರಿಂದ ಹೆಸರು ಮಾಡಿದ ಶಾಲೆ, ಒಬ್ಬ ವೈದ್ಯರನ್ನೇ ನೆಚ್ಚಿಕೊಂಡ ತಾಲ್ಲೂಕು ಆಸ್ಪತ್ರೆ. ನಾವು ಅವರಿಗೆ ಶಾಲು ಹೊದಿಸುತ್ತೇವೆ, ‘ನೀವಿಲ್ಲದೆ ಆಗುವುದಿಲ್ಲ’ ಎನ್ನುತ್ತೇವೆ, ಮರುದಿನ ಇನ್ನೊಂದು ಜವಾಬ್ದಾರಿ ಒಪ್ಪಿಸುತ್ತೇವೆ. ಸನ್ಮಾನಕ್ಕಿಂತ ಮೊದಲು ಮಾಡಬೇಕಾದ ಕೆಲಸ ಅವರಿಲ್ಲದ ಆರು ತಿಂಗಳಿಗೆ ಸಂಸ್ಥೆಯನ್ನು ಅಣಿಗೊಳಿಸುವುದು. ಎರಡನೆಯವರನ್ನು ತಯಾರು ಮಾಡುವುದು, ಬಿಡುವನ್ನು ಕೃಪೆಯೆಂದು ಕೊಡದೆ ನಿಯಮವಾಗಿ ವಿಧಿಸುವುದು, ಎಷ್ಟು ಬೆಳೆಯಬೇಕು ಎಂಬುದರ ಜೊತೆಗೆ ಎಲ್ಲಿ ನಿಲ್ಲಬೇಕು ಎಂಬುದನ್ನೂ ಮೊದಲೇ ಬರೆದಿಡುವುದು - ಇವು ಆಡಳಿತದ ತೀರಾ ಸಾಧಾರಣ ಸೂತ್ರಗಳು. ಅಧಿಕಾರದಲ್ಲಿದ್ದಾಗ ನಾನೂ ಪಾಲಿಸಲಿಲ್ಲ ಎಂದು ಒಪ್ಪಿಕೊಂಡೇ ಹೇಳುತ್ತಿದ್ದೇನೆ.

ಎರಡನೆಯ ರಾತ್ರಿ ಚಿತ್ರ ಮುಗಿದಾಗ ಒಂದು ಗಂಟೆ ದಾಟಿತ್ತು. ‘ಸಂಗೀತ ಹಿಡಿಸಿತೇ ಮಾವ?’ ಎಂದು ಅಳಿಯ ಕೇಳಿದ. ಕೆಲವು ಕಡೆ ಹಿಡಿಸಿತು, ಕೆಲವು ಕಡೆ ಇಲ್ಲ ಎಂದೆ. ಬೆಳಗ್ಗೆ ಎಂಟಕ್ಕೆ ಕಚೇರಿಯ ಸಭೆಯಿದೆಯೆಂದು ಅವನು ಆಗಲೇ ಲ್ಯಾಪ್‌ಟಾಪ್ ತೆರೆದಿದ್ದ. ಹೋದ ವರ್ಷದ ರಜೆ ಎಷ್ಟು ಉಳಿದಿದೆ ಎಂದು ಕೇಳಿದೆ. ಅವನು ನಕ್ಕ, ಲೆಕ್ಕ ಹೇಳಲಿಲ್ಲ. ಆ ನಗು ನನಗೆ ಪರಿಚಿತವಾದದ್ದು. ಲ್ಯಾಪ್‌ಟಾಪ್ ಮುಚ್ಚು, ಇಂದಿಗೆ ಸಾಕು ಎಂದೆ.